ಬರದ ನಾಡಿನ ಒಡವೆಗೆ ನೀರಿನ ಭಯ

ಜತ್ತ ತಾಲೂಕಿನವರ ಎದುರಿಗೆ ನಿಂತು “ನೀರಿನಿಂದ ನಿಮ್ಮ ಒಡವೆಗಳನ್ನು ಕಾಪಾಡಿಕೊಳ್ಳಿರಿ” ಎಂದು ಹೇಳಿದರೆ ಕೇಳಿದವರು ನಕ್ಕಾರು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಊರುಗಳು ನಮ್ಮವು. ಉಮದಿ, ಸಂಖ, ತಿಕ್ಕುಂಡಿ, ಮಾಡಗ್ಯಾಳದ ಕಡೆಯ ಹೆಣ್ಣುಮಕ್ಕಳು ಕೊಡ ತುಂಬಿಸಲು ಪಟ್ಟ ಕಷ್ಟವನ್ನು ಬರೆದರೆ ಈ ಪತ್ರಿಕೆಯ ಹಲವು ಸಂಚಿಕೆಗಳು ಸಾಲವು. ಹಾಗಿದ್ದೂ ಈ ವಿಷಯವನ್ನು ಎತ್ತಿಕೊಳ್ಳಲು ಎರಡು ಕಾರಣಗಳಿವೆ. ನೀರು ಕಡಿಮೆಯಾದಷ್ಟೂ ಅದರಲ್ಲಿರುವ ಉಪ್ಪು, ಸುಣ್ಣ ಹೆಚ್ಚುತ್ತವೆ; ಅಂಥ ನೀರು ಆಭರಣಕ್ಕೆ ಒಳ್ಳೆಯದಲ್ಲ. ಎರಡನೆಯ ಕಾರಣ ಇನ್ನೂ ದೊಡ್ಡದು. ನಾವು ಬರದ ನಾಡಿನಲ್ಲಿದ್ದೇವೆ, ಆದರೆ ನಮ್ಮಲ್ಲಿ ಅನೇಕರ ಬಂಗಾರ ಹೊಳೆಯ ದಂಡೆಯಲ್ಲಿದೆ. ಜಿಲ್ಲಾ ಕೇಂದ್ರವಾದ ಸಾಂಗಲಿಯ ಅಥವಾ ಮಿರಜದ ಬ್ಯಾಂಕಿನ ಲಾಕರಿನಲ್ಲೋ, ಅಲ್ಲಿಯ ಯಾವುದೋ ಸಂಸ್ಥೆಯ ಒತ್ತೆಯ ತಿಜೋರಿಯಲ್ಲೋ ಅದು ಕುಳಿತಿದೆ. ಆ ನಗರದೊಳಗೆ ಕೃಷ್ಣೆ 2005ರಲ್ಲಿ ಬಂದಳು, 2019ರಲ್ಲಿ ಬಂದಳು, 2021ರಲ್ಲಿ ಮತ್ತೆ ಬಂದಳು.

ನಮ್ಮ ಮನೆಗಳಲ್ಲಿ ಒಡವೆಯೆಂದರೆ ಬರಿಯ ಅಲಂಕಾರವಲ್ಲ. ಕೊಳವೆಬಾವಿ ಕೊರೆಯಿಸುವಾಗ ಒತ್ತೆ ಇಡುವುದು ಅದನ್ನೇ. ಮಗಳು ಹತ್ತನೆಯ ಇಯತ್ತೆ ಮುಗಿಸಿ ವಿಜಯಪುರಕ್ಕೋ ಸಾಂಗಲಿಗೋ ಕಲಿಯಲು ಹೋಗುವಾಗ ಮೊದಲ ವರ್ಷದ ಫೀ ಹುಟ್ಟುವುದೂ ಅದರಿಂದಲೇ. ಕಬ್ಬು ಕಡಿಯಲು ಹೊರಡುವ ಕುಟುಂಬದ ಹೆಣ್ಣುಮಗಳ ಕೊರಳಲ್ಲಿರುವ ಗುಳದಾಳಿ ಆ ಮನೆಯ ಇಡೀ ಉಳಿತಾಯವಾಗಿರುವುದುಂಟು. ಆದ್ದರಿಂದ ಒಡವೆ ಕೆಡದಂತೆ, ಕಳೆಯದಂತೆ ನೋಡಿಕೊಳ್ಳುವುದು ಮಕ್ಕಳ ಶಿಕ್ಷಣದ ಪ್ರಶ್ನೆಯೂ ಹೌದು.

ಮೊದಲು ಒಂದು ಸಂದೇಹವನ್ನು ನಿವಾರಿಸೋಣ. ಬಂಗಾರವು ನೀರಿನಿಂದ ಕೆಡುವುದಿಲ್ಲ. ಅಪ್ಪಟ ಬಂಗಾರವನ್ನು ನೂರು ವರ್ಷ ನೀರಿನಲ್ಲಿಟ್ಟರೂ ಅದು ತುಕ್ಕು ಹಿಡಿಯದು. ಆದರೆ ಯಾರೂ ಅಪ್ಪಟ ಬಂಗಾರದ ಒಡವೆ ಧರಿಸುವುದಿಲ್ಲ. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಪಾಲು ಬಂಗಾರ. ಉಳಿದದ್ದು ತಾಮ್ರ, ಬೆಳ್ಳಿ ಮೊದಲಾದ ಲೋಹ. 18 ಕ್ಯಾರೆಟ್ ಆದರೆ ನಾಲ್ಕರಲ್ಲಿ ಒಂದು ಪಾಲು ಬೇರೆಯ ಲೋಹವೇ. ಸರಪಳಿಯ ಕೊಂಡಿ ಕೊಂಡಿಗೂ ಪತ್ತಾರನು ಹಾಕಿದ ಬೆಸುಗೆ ಇರುತ್ತದೆ. ಅದರ ಲೋಹ ಮತ್ತೊಂದು ಬಗೆಯದು. ನೀರು, ಬೆವರು, ಸಾಬೂನು, ಔಷಧಿಗಳು ಹಿಡಿಯುವುದು ಈ ಕೂಡಿಕೆಯ ಲೋಹಗಳನ್ನು. ಒಡವೆ ಕಪ್ಪಾಗುವುದೂ ತುಂಡಾಗುವುದೂ ಹೆಚ್ಚಾಗಿ ಅಲ್ಲಿಂದಲೇ ಆರಂಭ.

ನಮ್ಮ ಕೊಳವೆಬಾವಿಯ ನೀರನ್ನು ಕಾಯಿಸಿದ ಪಾತ್ರೆಯ ತಳವನ್ನು ನೋಡಿರಿ. ಬೆಳ್ಳಗಿನ ಗಟ್ಟಿ ಪದರು ಅಂಟಿರುತ್ತದೆ. ದಿನವೂ ಅದೇ ನೀರಿನಲ್ಲಿ ಸ್ನಾನ ಮಾಡುವಾಗ ಕಿವಿಯ ಬೆಂಡೋಲೆಯ ಹರಳುಗಳ ಹಿಂದೆ, ಝುಮಕಿಯ ಜಾಲರಿಯೊಳಗೆ, ಸರದ ಕೊಂಡಿಗಳ ಸಂದಿಯಲ್ಲಿ ಸಾಬೂನಿನ ಜಿಡ್ಡಿನೊಡನೆ ಕೂಡಿ ಅದೇ ಪದರು ಕೂಡ್ರುತ್ತದೆ. ಹರಳು ಮಂಕಾಯಿತೆಂದು ಸೂಜಿಯಿಂದ ಕೆರೆದು ಹರಳನ್ನೇ ಸಡಿಲಿಸಿಕೊಂಡವರು ಬಹಳ. ಕೆರೆಯಬಾರದು. ಅಂಟವಾಳಕಾಯಿಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಯಿಸಿ, ಆ ನೊರೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಮೆತ್ತನೆಯ ಹಲ್ಲುಜ್ಜುವ ಕುಂಚದಿಂದ ಹಗುರವಾಗಿ ತಿಕ್ಕಿ, ಕುಡಿಯುವ ಶುದ್ಧ ನೀರಿನಲ್ಲಿ ಜಾಲಿಸಿ, ಹತ್ತಿಯ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿದರೆ ಸಾಕು. ನಮ್ಮ ಹಿರಿಯರ ಕಾಲದಿಂದ ಬಂದ ಈ ಪದ್ಧತಿಗೆ ಪೇಟೆಯ ಬಾಟಲಿಯ ದ್ರಾವಣಗಳು ಸಾಟಿಯಲ್ಲವೆಂಬುದು ನನ್ನ ಮತ. ಒಂದು ಎಚ್ಚರಿಕೆ ಮಾತ್ರ ಬೇಕು: ಮೋರಿಯ ಮೇಲೆ ಕುಳಿತು ತೊಳೆಯಬೇಡಿರಿ, ಬೋಗುಣಿಯಲ್ಲಿ ತೊಳೆಯಿರಿ, ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೆಯೇ ಚೆಲ್ಲಿರಿ.

ಬ್ಲೀಚಿಂಗ್ ಪೌಡರಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ಮಳೆಗಾಲದಲ್ಲಿ ಬಾವಿಗೂ ಟಾಕಿಗೂ ಅದನ್ನು ಹಾಕುತ್ತಾರೆ, ಹಾಕಲೇಬೇಕು. ಕುಡಿಯುವ ನೀರಿಗೆ ಬೇಕಾಗುವಷ್ಟು ಕ್ಲೋರಿನ್ ಒಡವೆಗೆ ಹೆಚ್ಚೇನೂ ಮಾಡದು. ಆದರೆ ಸಚ್ಛಾಲಯ ತೊಳೆಯುವ ದ್ರಾವಣದಲ್ಲಿ, ಬಿಳಿ ಅರಿವೆ ನೆನೆಹಾಕುವ ಬಕೆಟ್ಟಿನಲ್ಲಿ ಕೈಬಳೆ, ಉಂಗುರಗಳ ಸಹಿತ ಕೈಯಿಳಿಸುವುದು ಬೇರೆ ಮಾತು. ಗಾಢವಾದ ಕ್ಲೋರಿನ್ ಕೂಡಿಕೆಯ ಲೋಹವನ್ನೂ ಬೆಸುಗೆಯನ್ನೂ ತಿನ್ನುತ್ತದೆ. 18 ಕ್ಯಾರೆಟ್ಟಿನ ಹಾಗೂ ಬಿಳಿ ಬಂಗಾರದ ಒಡವೆಗೆ ಈ ಹಾನಿ ಇನ್ನೂ ಹೆಚ್ಚು. ಹೊರಗೆ ಏನೂ ಕಾಣದು. ಒಂದು ದಿನ ಸರ ಹರಿದು ಬೀಳುತ್ತದೆ, “ಪತ್ತಾರ ಕಚ್ಚಾ ಕೆಲಸ ಮಾಡಿದ” ಎಂದು ನಾವು ಬೈಯುತ್ತೇವೆ.

ಅರಗಿನ ಲೆಕ್ಕ

ನಮ್ಮ ಗಡಿಭಾಗದ ಬೋರಮಾಳದ ಕುರಿತು ವಿಶೇಷವಾಗಿ ಬರೆಯದೆ ವಿಧಿಯಿಲ್ಲ. ಬೋರೆಹಣ್ಣಿನಾಕಾರದ ಆ ಗುಂಡುಗಳು ಒಳಗೆ ಟೊಳ್ಳು. ತೆಳ್ಳಗಿನ ಬಂಗಾರದ ತಗಡನ್ನು ಗುಂಡಾಗಿಸಿ, ಅದು ಜಜ್ಜಿಹೋಗದಿರಲೆಂದು ಒಳಗೆ ಅರಗು ತುಂಬಿರುತ್ತಾರೆ. ಹಳೆಯ ಪಾಟಲಿ, ಬಳೆಗಳಲ್ಲಿಯೂ ಅರಗು ತುಂಬುವ ವಾಡಿಕೆಯುಂಟು. ಕಡಿಮೆ ಬಂಗಾರದಲ್ಲಿ ಕೊರಳು ತುಂಬುವ ಒಡವೆ ಮಾಡುವ ಜಾಣತನ ಅದು. ಈ ಜಾಣತನದ ಶತ್ರು ಬಿಸಿನೀರು. ನೀರು ಕುದಿಯಬೇಕಾಗಿಯೂ ಇಲ್ಲ. ಅದಕ್ಕಿಂತ ಕಡಿಮೆ ಕಾವಿನಲ್ಲಿಯೇ ಅರಗು ಮೆತ್ತಗಾಗಿ ರಂಧ್ರಗಳಿಂದ ಹೊರಗೆ ಒಸರುತ್ತದೆ. ಗುಂಡು ಟೊಳ್ಳಾಗುತ್ತದೆ, ಮುಂದೆ ಬೆರಳಿನ ಒತ್ತಡಕ್ಕೇ ಚಪ್ಪಟೆಯಾಗುತ್ತದೆ. ಖಾಲಿಯಾದ ಗುಂಡಿನೊಳಗೆ ನೀರು, ಬೆವರು ಸೇರಿ ದಾರವನ್ನು ಕೊಳೆಯಿಸುತ್ತವೆ. ಆದ್ದರಿಂದ ಬೋರಮಾಳ, ತುಸಿಯಂಥ ಒಡವೆಗಳನ್ನು ನೀರಿನಲ್ಲಿ ಮುಳುಗಿಸಲೇಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿದರೆ ಮುಗಿಯಿತು. ಅವುಗಳನ್ನು ಧರಿಸಿ ಬಚ್ಚಲಿಗೆ ಹೋಗುವುದನ್ನೂ ಬಿಡಬೇಕು.

ಇಲ್ಲಿ ವಕೀಲನ ಮಾತೊಂದು ಸೇರಲಿ. ಅರಗಿನ ಒಡವೆಯನ್ನು ಒತ್ತೆ ಇಡುವಾಗ ತೂಕ ಎರಡು ಬಗೆ: ಒಡವೆಯ ಒಟ್ಟು ತೂಕ, ಅರಗು-ಹರಳು-ದಾರ ಕಳೆದು ಉಳಿದ ಬಂಗಾರದ ನಿವ್ವಳ ತೂಕ. ಪಾವತಿಯಲ್ಲಿ ಒಂದೇ ತೂಕ ಬರೆದಿದ್ದರೆ ಬಿಡಿಸಿಕೊಳ್ಳುವ ದಿನ ಜಗಳ ಖಚಿತ. ಎರಡು ವರ್ಷ ತಿಜೋರಿಯಲ್ಲಿದ್ದ ಒಡವೆಯ ತೂಕ ಗ್ರಾಮಿನಷ್ಟು ಕಡಿಮೆಯಾದರೆ ಅದು ಬಂಗಾರವೋ ಅರಗೋ ಎಂದು ಹೇಳುವವರಾರು? ನನ್ನ ಹತ್ತಿರ ಇಂಥ ಕಾಗದಗಳನ್ನು ಹಿಡಿದು ಬರುವವರ ಪಾವತಿಗಳಲ್ಲಿ “ಸರ ಒಂದು” ಎಂದಷ್ಟೇ ಇರುವುದನ್ನು ಅನೇಕ ಸಲ ನೋಡಿದ್ದೇನೆ. ಆ ಎರಡು ಶಬ್ದಗಳ ಮೇಲೆ ಯಾವ ನ್ಯಾಯಾಲಯವೂ ಏನನ್ನೂ ಕಟ್ಟಿಕೊಡಲಾರದು.

ನತ್ತಿನ ಮುತ್ತು, ಸರದ ಹವಳ ಇವು ಲೋಹವೂ ಅಲ್ಲ, ಕಲ್ಲೂ ಅಲ್ಲ. ಸಮುದ್ರದ ಜೀವಿಗಳು ಕಟ್ಟಿದ ಸುಣ್ಣದ ವಸ್ತುಗಳು. ಹುಣಸೆಹಣ್ಣು, ಲಿಂಬೆರಸ ತಗುಲಿದರೆ ಅವುಗಳ ಮೈ ಕರಗಿ ಹೊಳಪು ಶಾಶ್ವತವಾಗಿ ಹೋಗುತ್ತದೆ. ಹಿತ್ತಾಳೆಯ ಸಮೆಯನ್ನು ತೊಳೆಯುವ ಹುಣಸೆಯಿಂದಲೇ ನತ್ತನ್ನೂ ತೊಳೆಯುವ ಅಭ್ಯಾಸ ಕೆಲವು ಮನೆಗಳಲ್ಲಿದೆ, ಅದನ್ನು ನಿಲ್ಲಿಸಬೇಕು. ಪಚ್ಚೆಯ ಸೀಳುಗಳನ್ನು ಮುಚ್ಚಲು ಎಣ್ಣೆ ಹಿಡಿಸಿರುತ್ತಾರೆ, ಬಿಸಿನೀರು ಅದನ್ನು ಹೊರಗೆಳೆಯುತ್ತದೆ. ಕುಂದಣದ ಹರಳಿನ ಕೆಳಗೆ ಹೊಳೆಯುವ ತೆಳು ಹಾಳೆ ಇರುವುದರಿಂದ ಒಂದು ಹನಿ ನೀರು ಒಳಗಿಳಿದರೂ ಹರಳು ಕುರುಡಾಗುತ್ತದೆ. ಬೆಳ್ಳಿಯ ಕಾಲಗೆಜ್ಜೆ, ಕಾಲುಂಗುರ ಕಪ್ಪಾಗುವುದು ಗಾಳಿಯಲ್ಲಿಯೂ ಬೆವರಿನಲ್ಲಿಯೂ ಇರುವ ಗಂಧಕದ ಅಂಶದಿಂದ; ಅದು ಮೇಲ್ಮೈಯ ಬದಲಾವಣೆ ಮಾತ್ರ, ತಿಕ್ಕಿದರೆ ಹೋಗುತ್ತದೆ, ಹೆದರಬೇಕಾಗಿಲ್ಲ. ಒಂದು ಗ್ರಾಮಿನ ಬಂಗಾರವೆಂದು ಮಾರುವ ಲೇಪದ ಒಡವೆಗಳಿಗೆ ನೀರು ತಗುಲಿಸದಿರುವುದೇ ಆಯುಷ್ಯ.

ಯಾತ್ರೆಯ ಕಾಲದ ಮಾತು ಇನ್ನೊಂದು. ನರಸೋಬಾವಾಡಿಯ ಸಂಗಮದಲ್ಲಿ, ಪಂಢರಪುರದ ಚಂದ್ರಭಾಗೆಯಲ್ಲಿ ಬೆಳಗಿನ ಜಾವ ಮುಳುಗುವಾಗ ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ. ಮನೆಯಲ್ಲಿ ಬಿಗಿಯಾಗಿದ್ದ ಉಂಗುರ ಅಲ್ಲಿ ತಾನಾಗಿ ಜಾರುತ್ತದೆ. ಸಾಬೂನು ಹಚ್ಚಿದರಂತೂ ಕೇಳುವುದೇ ಬೇಡ. ಹೊಳೆಗಿಳಿಯುವ ಮುಂಚೆ ಉಂಗುರವನ್ನು ಸೆರಗಿಗೆ ಗಂಟು ಹಾಕುವುದು ಸಹ ಸುರಕ್ಷಿತವಲ್ಲ, ಒದ್ದೆ ಗಂಟು ಬಿಚ್ಚುತ್ತದೆ. ದಂಡೆಯಲ್ಲಿ ಕುಳಿತವರ ಕೈಗೆ ಕೊಡುವುದೇ ಲೇಸು. ಹೀಗೆ ಕಳೆದ ಒಡವೆ ಮತ್ತೊಬ್ಬರಿಗೆ ಸಿಕ್ಕರೆ ಅದು ಅವರದಾಗುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 71ನೆಯ ಕಲಮಿನಂತೆ, ಸಿಕ್ಕ ವಸ್ತುವನ್ನು ತೆಗೆದುಕೊಂಡವನು ಅದನ್ನು ಒಡೆಯನ ಪರವಾಗಿ ಕಾಯುವವನಷ್ಟೇ. ಒಡೆಯನಾರೆಂದು ತಿಳಿದೂ ಮಾರಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನಡಿ ಅಪರಾಧ. ಮಳೆಗೆ ಹಳೆಯ ಮಾಳಿಗೆ ಮನೆಯ ಮಣ್ಣಿನ ಗೋಡೆ ಕುಸಿದು, ಹಿಂದಿನವರು ಬಚ್ಚಿಟ್ಟ ನಾಣ್ಯ, ಒಡವೆ ಹೊರಬಿದ್ದರೂ ಕಾನೂನು ಉಂಟು. 1878ರ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಹತ್ತು ರೂಪಾಯಿ ಎಂಬುದು ಅಂದಿನ ಲೆಕ್ಕ. ಕಾಯಿದೆಯಲ್ಲಿ ಮಾತ್ರ ಹಾಗೆಯೇ ಉಳಿದಿದೆ.

ಅರಿಶಿನ ನೀರಿನ ಮೋಸ

ನೀರು ತಾನಾಗಿ ಮಾಡುವ ಹಾನಿಗಿಂತ ನೀರಿನ ಹೆಸರಿನಲ್ಲಿ ಮನುಷ್ಯ ಮಾಡುವ ಹಾನಿ ಹೆಚ್ಚೆಂದು ಕಾಣುತ್ತದೆ. ಗಂಡಸರು ಹೊಲಕ್ಕೂ ಮಕ್ಕಳು ಶಾಲೆಗೂ ಹೋದ ಹೊತ್ತಿನಲ್ಲಿ ಇಬ್ಬರು ಯುವಕರು ಬರುತ್ತಾರೆ. ಮೊದಲು ತಾಮ್ರದ ತಂಬಿಗೆಯನ್ನೋ ದೇವರ ಸಾಮಾನನ್ನೋ ಪುಕ್ಕಟೆಯಾಗಿ ಬೆಳಗಿಸಿ ತೋರಿಸುತ್ತಾರೆ. ಬಳಿಕ ಕಾಲಗೆಜ್ಜೆ. ನಂಬಿಕೆ ಹುಟ್ಟಿದ ಮೇಲೆ ಕೊರಳಿನದು. ಒಡವೆಯನ್ನು ಹಳದಿಯ ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಒಡವೆ ಥಳಥಳಿಸುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಆ ದ್ರಾವಣದಲ್ಲಿ ಬಂಗಾರವನ್ನು ಕರಗಿಸಬಲ್ಲ ಆಮ್ಲಗಳ ಮಿಶ್ರಣವಿದ್ದು, ಕರಗಿದ ಬಂಗಾರ ಅವರ ಡಬ್ಬಿಯಲ್ಲಿ ಹೋಗುತ್ತದೆ. ಇನ್ನೊಂದು ಬಗೆಯವರು ಒಡವೆಯನ್ನು ಅರಿಶಿನ ನೀರಿನೊಡನೆ ಕುಕ್ಕರಿನಲ್ಲಿಟ್ಟಂತೆ ಮಾಡಿ, “ಆರಿದ ಮೇಲೆ ತೆರೆಯಿರಿ ತಾಯಿ” ಎಂದು ಹೇಳಿ ಹೋಗುತ್ತಾರೆ. ತೆರೆದಾಗ ಅರಿಶಿನ ನೀರಷ್ಟೇ ಉಳಿದಿರುತ್ತದೆ.

ಇದು ವಂಚನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ 4ನೆಯ ಉಪಕಲಮಿನಂತೆ ಏಳು ವರ್ಷದವರೆಗೆ ಶಿಕ್ಷೆಯುಂಟು. ಮೋಸಹೋದ ತಾಯಂದಿರು ಮನೆಯವರು ಬೈದಾರೆಂದು ಒಂದೆರಡು ದಿನ ಬಾಯಿ ಬಿಡುವುದಿಲ್ಲ, ಅಷ್ಟರಲ್ಲಿ ಕಳ್ಳರು ಮೂರು ಜಿಲ್ಲೆ ದಾಟಿರುತ್ತಾರೆ. ನಮ್ಮದು ಗಡಿ ತಾಲೂಕು. ಉಮದಿಯಿಂದ ಹೊರಟವನು ಸ್ವಲ್ಪ ಹೊತ್ತಿನಲ್ಲಿಯೇ ಬೇರೆ ರಾಜ್ಯದ ಪೊಲೀಸ್ ಠಾಣೆಯ ಹದ್ದಿನಲ್ಲಿರುತ್ತಾನೆ. ಆದರೂ ಫಿರ್ಯಾದಿಗೆ ಹದ್ದಿನ ಅಡ್ಡಿಯಿಲ್ಲ. ಸಮೀಪದ ಯಾವ ಠಾಣೆಯಲ್ಲಿಯಾದರೂ ಮೊದಲ ವರದಿ ದಾಖಲಿಸಬಹುದೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಹೇಳುತ್ತದೆ. ಅವರು ಬಳಸಿದ ಪಾತ್ರೆಯನ್ನು ತೊಳೆಯದೆ, ಉಳಿದ ದ್ರಾವಣವನ್ನು ಚೆಲ್ಲದೆ ಪೊಲೀಸರಿಗೆ ಒಪ್ಪಿಸಿರಿ, ಅದೇ ಸಾಕ್ಷಿ.

ಕೃಷ್ಣೆಯೂ ಲಾಕರೂ

ಈಗ ಹೊಳೆಯ ದಂಡೆಗೆ ಬರೋಣ. ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ಅದು 57 ಅಡಿಯನ್ನೂ ಮೀರಿತು. ಪೇಟೆ, ಓಣಿಗಳು ದಿನಗಟ್ಟಲೆ ನೀರಿನಲ್ಲಿ ನಿಂತವು, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಆ ದಿನಗಳಲ್ಲಿ ನಮ್ಮ ಜತ್ತದಲ್ಲಿ ಮಳೆಯ ಕೊರತೆಯ ಮಾತು ನಡೆದಿತ್ತು ಎಂಬುದನ್ನು ಹಿರಿಯರು ಮರೆತಿರಲಾರರು. ಒಂದೇ ಜಿಲ್ಲೆ, ಪಡುವಣಕ್ಕೆ ಪ್ರಳಯ, ಮೂಡಣಕ್ಕೆ ಬರ.

ಇಂಥ ನೀರು ಬ್ಯಾಂಕಿನ ನೆಲಮಹಡಿಗೆ ನುಗ್ಗಿದರೆ ಲಾಕರು ಅದನ್ನು ತಡೆಯದು. ಲಾಕರಿನ ಕದ ಕಳ್ಳನನ್ನು ತಡೆಯಲು ಮಾಡಿದ್ದು. ಬಿರುಕಿನಿಂದ ಒಳಬರುವ ಕೆಸರನ್ನು ತಡೆಯಲು ಮಾಡಿದ್ದಲ್ಲ. ಬಂಗಾರ ಉಳಿಯುತ್ತದೆ ನಿಜ. ಆದರೆ ಮಖಮಲ್ಲಿನ ಡಬ್ಬಿಯ ಬಣ್ಣ ಇಳಿದು ಮುತ್ತಿಗೆ ಹತ್ತುತ್ತದೆ, ಚರಂಡಿಯ ನೀರಿಗೆ ಬೆಳ್ಳಿ ಕರಿಯಾಗುತ್ತದೆ, ದಾರ ಕೊಳೆಯುತ್ತದೆ, ಅದರ ಜೊತೆಗಿದ್ದ ಖರೀದಿ ಪಾವತಿಗಳು, ಜಮೀನಿನ ಕಾಗದಗಳು ಮುದ್ದೆಯಾಗುತ್ತವೆ.

ಹಾನಿಗೆ ಬ್ಯಾಂಕು ಹೊಣೆಯೇ? ಇದರ ಹಿಂದೆ ಒಂದು ತೀರ್ಪಿನ ಕಥೆಯಿದೆ. ಕೊಲ್ಕತ್ತಾದ ಗ್ರಾಹಕರೊಬ್ಬರ ಲಾಕರನ್ನು ಬಾಡಿಗೆ ಬಾಕಿಯೆಂಬ ಕಾರಣ ಹೇಳಿ ಬ್ಯಾಂಕು 1994ರಲ್ಲಿ ಒಡೆಯಿತು. ಬಾಡಿಗೆ ತುಂಬಿದ್ದರೂ ಒಡೆದಿತ್ತು. ಏಳು ಒಡವೆಗಳಲ್ಲಿ ಎರಡು ಮಾತ್ರ ಕೈಗೆ ಬಂದವೆಂಬುದು ಗ್ರಾಹಕರ ದೂರು. ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2021ರ ಫೆಬ್ರುವರಿ 19ರಂದು ಅಮಿತಾಭ ದಾಸಗುಪ್ತ ವಿರುದ್ಧ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ಎಂಬ ಪ್ರಕರಣದಲ್ಲಿ ತೀರ್ಪು ಬಂದಿತು. ತೀರ್ಪನ್ನು ಬರೆದವರು ನಮ್ಮ ಕನ್ನಡಿಗರೇ, ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ. “ಲಾಕರಿನೊಳಗೆ ಏನಿದೆಯೋ ನಮಗೆ ಗೊತ್ತಿಲ್ಲ” ಎಂದು ಬ್ಯಾಂಕುಗಳು ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಗ್ರಾಹಕರಿಗೆ 5 ಲಕ್ಷ ರೂಪಾಯಿ ಪರಿಹಾರ, 1 ಲಕ್ಷ ರೂಪಾಯಿ ದಾವೆಯ ವೆಚ್ಚ ಕೊಡಿಸಿ, ಆರು ತಿಂಗಳಲ್ಲಿ ನಿಯಮ ರಚಿಸುವಂತೆ ರಿಜರ್ವ್ ಬ್ಯಾಂಕಿಗೆ ನ್ಯಾಯಾಲಯ ಆದೇಶಿಸಿತು. ತೀರ್ಪಿತ್ತ ಎರಡು ತಿಂಗಳಲ್ಲಿಯೇ ನ್ಯಾಯಮೂರ್ತಿಗಳು ತೀರಿಕೊಂಡರು. ನಿಯಮಗಳು 2021ರ ಆಗಸ್ಟ್ 18ರಂದು ಹೊರಬಿದ್ದು 2022ರ ಜನವರಿ 1ರಿಂದ ಜಾರಿಗೆ ಬಂದವು.

ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ, ನೌಕರರ ವಂಚನೆ ಇವುಗಳಿಂದ ಹಾನಿಯಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ವರ್ಷಕ್ಕೆ 1,500 ರೂಪಾಯಿ ಬಾಡಿಗೆ ಇದ್ದರೆ ಪರಿಹಾರ 1,50,000 ರೂಪಾಯಿ. ಇಂದಿನ ದರದಲ್ಲಿ ಅದು ಎರಡು ತೊಲೆಗೂ ಸಾಲದು. ಭೂಕಂಪ, ಪ್ರವಾಹ, ಸಿಡಿಲಿನಂಥ ದೈವಿಕ ಆಪತ್ತುಗಳಿಗೆ ಈ ಹೊಣೆಯೂ ಇಲ್ಲ. ಇಷ್ಟನ್ನು ಓದಿ ನಿರಾಶರಾಗಿ ಕಾಗದ ಮಡಚುವವರೇ ಹೆಚ್ಚು. ಮುಂದಿನದನ್ನೂ ಓದಬೇಕು. ಅಂಥ ಆಪತ್ತಿನಿಂದ ತನ್ನ ಕಟ್ಟಡವನ್ನು ಕಾಪಾಡಲು ಬ್ಯಾಂಕು ತಕ್ಕ ಎಚ್ಚರ ವಹಿಸಬೇಕು ಎಂದು ಅದೇ ನಿಯಮ ಹೇಳುತ್ತದೆ. ಮಳೆಯ ನೀರಾಗಲಿ ಪ್ರವಾಹದ ನೀರಾಗಲಿ ಒಳನುಗ್ಗಿ ಲಾಕರಿಗೆ ಹಾನಿಯಾಗದಂತೆ ಲಾಕರಿನ ಕೋಣೆ ಸುರಕ್ಷಿತವಾಗಿರಬೇಕು ಎಂಬುದೂ ಅದರಲ್ಲಿದೆ.

ನನ್ನ ಅಭಿಪ್ರಾಯದಲ್ಲಿ ವಾದದ ಬಲವಿರುವುದು ಇಲ್ಲಿಯೇ. ದೈವಿಕ ಆಪತ್ತು ಎಂದರೆ ಕಾನೂನಿನಲ್ಲಿ ಮುಂಗಾಣಲಾಗದ್ದು, ಸಾಮಾನ್ಯ ಎಚ್ಚರದಿಂದ ತಪ್ಪಿಸಲಾಗದ್ದು ಎಂದರ್ಥ. ಹದಿನಾರು ವರ್ಷಗಳಲ್ಲಿ ಮೂರು ಸಲ ನೀರು ಬಂದ ಓಣಿಯಲ್ಲಿ ನಾಲ್ಕನೆಯ ಸಲ ಬಂದಾಗ “ನಾವು ಎಣಿಸಿರಲಿಲ್ಲ” ಎಂದು ಯಾರು ಹೇಳಬಲ್ಲರು? ಕೃಷ್ಣೆಯ ನೀರು ಒಮ್ಮೆಲೇ ನುಗ್ಗುವ ಹಳ್ಳದ ನೀರಲ್ಲ. ಅಡಿಯಡಿಯಾಗಿ ಏರುತ್ತದೆ, ಕೊಯ್ನಾ ಜಲಾಶಯದಿಂದ ನೀರು ಬಿಡುವಾಗ ಮುನ್ಸೂಚನೆಯೂ ಇರುತ್ತದೆ. ಅಷ್ಟು ಅವಕಾಶವಿದ್ದೂ ಗ್ರಾಹಕರಿಗೆ ಒಂದು ಸಂದೇಶ ಕಳಿಸದ ಬ್ಯಾಂಕು ಎಚ್ಚರ ವಹಿಸಿತೆಂದು ನಾನಂತೂ ಒಪ್ಪಲಾರೆ. ಪ್ರತಿಯೊಂದು ಪ್ರಕರಣದಲ್ಲಿ ಆಯೋಗ ಏನು ಹೇಳೀತೆಂಬುದು ಅದರದರ ಸಾಕ್ಷಿಯ ಮೇಲೆ ನಿಂತಿದೆ.

ದಾವೆಗೆ ಮುಂಚಿನ ದಾರಿ ಸುಲಭವಾದದ್ದು. ಲಾಕರು ಪಡೆಯುವಾಗ ಕೋಣೆ ಎಷ್ಟನೆಯ ಮಹಡಿಯಲ್ಲಿದೆ, 2019ರಲ್ಲಿ ಅಲ್ಲಿಗೆ ನೀರು ಬಂದಿತ್ತೇ ಎಂದು ಕೇಳಿರಿ. ಕೆಳಗಿನ ಸಾಲು ಬೇಡ, ಮೇಲಿನ ಸಾಲು ಬೇಕೆಂದು ಹೇಳಿರಿ. ಒಡವೆಗಳನ್ನು ಒಂದೊಂದಾಗಿ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿರಿ. ಹೊಸ ಬ್ಯಾಗು, ಬೂಟುಗಳೊಡನೆ ಬರುವ ತೇವ ಹೀರುವ ಹರಳಿನ ಪುಟ್ಟ ಪೊಟ್ಟಣವನ್ನು ಎಸೆಯದೆ ಅದರಲ್ಲಿ ಹಾಕಬಹುದು. ಚಿಕ್ಕ ಮಕ್ಕಳ ಕೈಗೆ ಮಾತ್ರ ಸಿಗಬಾರದು. ಮೂಲ ಪಾವತಿಗಳನ್ನು ಒಡವೆಯ ಜೊತೆಗೆ ಇಡಬೇಡಿರಿ. ಲಾಕರಿನ ವಸ್ತುಗಳಿಗೆ ಬ್ಯಾಂಕು ವಿಮೆ ಮಾಡಿಸುವುದಿಲ್ಲ, ಮಾರಲೂ ಕೂಡದು. ಮನೆಯ ವಿಮೆಯಲ್ಲಿ ಒಡವೆಗಳನ್ನು ಬೇರೆಯಾಗಿ ಸೇರಿಸುವ ಅವಕಾಶವುಂಟು, ಕೇಳಿದರೆ ಮಾತ್ರ ಹೇಳುತ್ತಾರೆ.

ಒತ್ತೆಯ ಒಡವೆಯ ಸ್ಥಿತಿ ಬೇರೆ, ಗ್ರಾಹಕರಿಗೆ ಹೆಚ್ಚು ಅನುಕೂಲವಾದದ್ದು. ಲಾಕರಿನಲ್ಲಿ ಏನಿದೆಯೆಂದು ಬ್ಯಾಂಕಿಗೆ ತಿಳಿಯದು. ಒತ್ತೆಯಲ್ಲಿ ತೂಗಿ, ನೋಡಿ, ಬರೆದುಕೊಂಡೇ ತೆಗೆದುಕೊಂಡಿರುತ್ತಾರೆ. ಕರಾರು ಕಾಯಿದೆಯ 151ನೆಯ ಕಲಮಿನಂತೆ, ಸಾಮಾನ್ಯ ವಿವೇಕಿಯಾದ ಮನುಷ್ಯ ತನ್ನ ಸ್ವಂತ ವಸ್ತುವನ್ನು ಕಾಯುವಷ್ಟು ಎಚ್ಚರದಿಂದ ಅದನ್ನು ಕಾಯಬೇಕು. ರಿಜರ್ವ್ ಬ್ಯಾಂಕು 2025ರ ಜೂನ್ 6ರಂದು ಬಂಗಾರ-ಬೆಳ್ಳಿಯ ಒತ್ತೆಸಾಲಕ್ಕೆ ಹೊಸ ನಿರ್ದೇಶನಗಳನ್ನು ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಅವುಗಳನ್ನು ಪಾಲಿಸಬೇಕೆಂದು ಗೊತ್ತುಪಡಿಸಿತು. ಒಡವೆಯ ಒಟ್ಟು ತೂಕ, ನಿವ್ವಳ ತೂಕ, ಅರಗು-ಹರಳುಗಳಿಗೆ ಕಳೆದ ತೂಕ, ಮೊದಲೇ ಇದ್ದ ಮುರುಕು ಇವನ್ನೆಲ್ಲ ಬರೆದ ಪ್ರಮಾಣಪತ್ರ ಕೊಡಬೇಕು. ಸಾಲದ ಅವಧಿಯಲ್ಲಿ ಅವರ ಕೈಯಲ್ಲಿ ಒಡವೆಗೆ ಧಕ್ಕೆಯಾದರೆ ದುರಸ್ತಿಯ ವೆಚ್ಚ ಅವರದು, ಕಳೆದರೆ ಪರಿಹಾರ ಅವರದು. ಸಾಲ ಪೂರ್ಣ ತೀರಿದ ಮೇಲೆ ಏಳು ಕೆಲಸದ ದಿನಗಳಲ್ಲಿ ಒಡವೆ ಮರಳಿಸಬೇಕು. ತಡವಾದದ್ದು ಅವರ ಕಾರಣದಿಂದಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು.

ಈ ನಿರ್ದೇಶನಗಳಲ್ಲಿ ಕನ್ನಡ ಮನೆಗಳು ಗಮನಿಸಬೇಕಾದ ಸಾಲೊಂದಿದೆ. ಸಾಲದ ಷರತ್ತುಗಳೂ ಮುಖ್ಯ ತಿಳಿವಳಿಕೆಗಳೂ ಆ ಪ್ರದೇಶದ ಭಾಷೆಯಲ್ಲಿ ಅಥವಾ ಸಾಲಗಾರನು ಆಯ್ದ ಭಾಷೆಯಲ್ಲಿ ಇರಬೇಕು. ಓದಲು ಬಾರದವರಿಗೆ, ಸಾಲ ಕೊಡುವ ಸಂಸ್ಥೆಯವನಲ್ಲದ ಸಾಕ್ಷಿಯ ಎದುರಿಗೆ ವಿವರಿಸಿ ಹೇಳಬೇಕು. ಮರಾಠಿಯಲ್ಲಿ ಮುದ್ರಿಸಿದ ಅರ್ಜಿಯ ಮೇಲೆ, ಒಳಗೆ ಏನಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ! ಕನ್ನಡದಲ್ಲಿ ಕೊಡಿರಿ ಎಂದು ಕೇಳುವುದು ಜಗಳವಲ್ಲ, ನಿಯಮವೇ ಕೊಟ್ಟ ಹಕ್ಕು. ಅದು ಸಿಗುವವರೆಗೆ ಮನೆಯ ಮಕ್ಕಳನ್ನು ಕರೆದೊಯ್ಯಿರಿ. ಕನ್ನಡ ಶಾಲೆಯ ಏಳನೆಯ ಇಯತ್ತೆಯ ಹುಡುಗಿ ಕನ್ನಡದ ಜೊತೆಗೆ ಮರಾಠಿಯನ್ನೂ ಇಂಗ್ಲಿಷನ್ನೂ ಓದಬಲ್ಲಳು. ಅವ್ವನ ಪಕ್ಕದಲ್ಲಿ ಕುಳಿತು ಪಾವತಿಯ ಪ್ರತಿಯೊಂದು ಸಾಲನ್ನೂ ಓದಿ ಹೇಳಲಿ.

ಪತಸಂಸ್ಥೆಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಊರಲ್ಲೇ ಇರುವುದರಿಂದ, ಗುರುತಿನವರಾದುದರಿಂದ ನಮ್ಮ ಒತ್ತೆಗಳು ಅಲ್ಲಿಗೆ ಹೋಗುವುದು ಸಹಜ. ಅವು ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ 1960ರ ಕಾಯಿದೆಯಡಿ ನೋಂದಣಿಯಾದವು, ಬ್ಯಾಂಕುಗಳಲ್ಲ. ಮೇಲೆ ಹೇಳಿದ ರಿಜರ್ವ್ ಬ್ಯಾಂಕಿನ ನಿಯಮಗಳು ಅವುಗಳ ಮೇಲೆ ನಡೆಯುವುದಿಲ್ಲ. ಕರಾರು ಕಾಯಿದೆ ಅವುಗಳಿಗೂ ಅನ್ವಯಿಸುತ್ತದೆ, ಆದ್ದರಿಂದ ಕೈಯಲ್ಲಿ ಸರಿಯಾದ ಪಾವತಿ ಇದ್ದರೆ ದಾರಿಯುಂಟು.

ನೀರು ಬಂದು ಹೋದ ಮೇಲೆ ಏನು ಮಾಡಬೇಕು? ಬ್ಯಾಂಕಿನಿಂದ ಕರೆ ಬಂದ ದಿನವೇ ಹೋಗಿರಿ, ಲಾಕರು ತೆರೆಯುವಾಗಿನ ಸ್ಥಿತಿಯ ಚಿತ್ರ ತೆಗೆಯಲು ಅನುಮತಿ ಕೇಳಿರಿ, ಬ್ಯಾಂಕಿನವರ ಸಹಿಯುಳ್ಳ ಯಾದಿ ಮಾಡಿಸಿರಿ. ಕೆಸರು ಅಂಟಿದ ಒಡವೆಯನ್ನು ಒಣಗಿದ ಮೇಲೆ ತಿಕ್ಕಬೇಡಿರಿ. ಕೆಸರಿನಲ್ಲಿ ಉಸುಕು ಇರುತ್ತದೆ, ಬಂಗಾರಕ್ಕೆ ಗೀರು ಬೀಳುತ್ತದೆ. ಬೋಗುಣಿಯಲ್ಲಿ ಶುದ್ಧ ನೀರು ಬದಲಿಸಿ ಬದಲಿಸಿ ಜಾಲಿಸಿರಿ. ಅರಗಿನ ಒಡವೆ, ಮುತ್ತು, ಹವಳ, ಕುಂದಣವನ್ನು ಮನೆಯಲ್ಲಿ ಮುಟ್ಟದೆ, ಒದ್ದೆ ಬಟ್ಟೆಯಲ್ಲಿ ಮೇಲಿನ ಕೆಸರಷ್ಟನ್ನೇ ಒರೆಸಿ ಪರಿಚಯದ ಪತ್ತಾರರಿಗೆ ಒಯ್ಯಿರಿ. ಒಲೆಯ ಮುಂದೆಯಾಗಲಿ ಬಿಸಿಲಿನಲ್ಲಾಗಲಿ ಒಣಗಿಸಬೇಡಿರಿ. ಮನೆಗೇ ನೀರು ನುಗ್ಗಿದ್ದರೆ ತಲಾಠಿಯ ಪಂಚನಾಮೆಯಲ್ಲಿ ಒಡವೆಯ ಹಾನಿಯನ್ನೂ ಬರೆಯಿಸಿರಿ. ಸರಕಾರದ ನೆರೆ ಪರಿಹಾರದಲ್ಲಿ ಒಡವೆಯ ಬಾಬು ಇಲ್ಲ, ಆದರೂ ವಿಮೆಗೂ ದಾವೆಗೂ ಆ ಕಾಗದ ಬೇಕಾಗುತ್ತದೆ.

ಇದಕ್ಕೆಲ್ಲ ಮೊದಲು ಒಂದು ವಹಿ ಬೇಕು. ಮಕ್ಕಳ ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳಾದರೂ ಆದೀತು. ಪ್ರತಿಯೊಂದು ಒಡವೆಯ ಹೆಸರು, ತೂಕ, ಎಷ್ಟು ಗುಂಡು, ಎಷ್ಟು ಹರಳು, ಎಲ್ಲಿ ಮುರಿದಿದೆ, ಯಾರು ಮಾಡಿದ್ದು, ಈಗ ಎಲ್ಲಿದೆ ಎಂದು ಕನ್ನಡದಲ್ಲಿ ಬರೆದಿಡಿರಿ. 2023ರ ಏಪ್ರಿಲ್ 1ರ ಬಳಿಕ ಕೊಂಡದ್ದಾದರೆ ಅದರ ಮೇಲೆ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತಿನ ಸಂಖ್ಯೆ ಇರುತ್ತದೆ. ಬೂದುಗಾಜಿನಿಂದ ನೋಡಿ ಅದನ್ನೂ ಬರೆಯಿರಿ. ಕಳೆದ ಒಡವೆ ಇದೇ ಎಂದು ತೋರಿಸಲು ಅದಕ್ಕಿಂತ ಬಲವಾದ ಗುರುತಿಲ್ಲ. ಮೊಬೈಲಿನಲ್ಲಿ ಒಂದೊಂದರ ಚಿತ್ರ ತೆಗೆದು, ಬೇರೆ ಊರಿನಲ್ಲಿರುವ ಅಕ್ಕನಿಗೋ ಅಣ್ಣನಿಗೋ ಕಳಿಸಿಡಿರಿ.

ಬ್ಯಾಂಕಿನ ವಿರುದ್ಧ ದೂರಿದ್ದರೆ ಮೊದಲು ಬ್ಯಾಂಕಿಗೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂವತ್ತು ದಿನಗಳಲ್ಲಿ ಸಮಾಧಾನ ಸಿಗದಿದ್ದರೆ ರಿಜರ್ವ್ ಬ್ಯಾಂಕಿನ ಲೋಕಪಾಲರಿಗೆ ವೆಚ್ಚವಿಲ್ಲದೆ ದೂರಬಹುದು. ಅದರ ಮಾಹಿತಿ 14448 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಸಿಗುತ್ತದೆ. ಸಾಂಗಲಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಹಾನಿಯಾದ ದಿನದಿಂದ ಎರಡು ವರ್ಷಗಳ ಅವಧಿ. ಆ ದಿನಾಂಕವನ್ನು ಪಾವತಿಗಳಿಟ್ಟ ಲಕೋಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಿರಿ.